ಮಾವನ ದಿನಗೂಲಿ

ಸಕಲೇಶಪುರ, ಬುಧವಾರ

ಅಳಿಯಂದಿರಾದ ದಯಾನಂದ ಅವರಿಗೆ ತೋಟಪ್ಪನ ನಮಸ್ಕಾರ.

ನೀವು ಕಾಂಟ್ರಾಕ್ಟ್ ಹಿಡಿದಿರುವ ವನಗೂರಿನ ಹೋಂಸ್ಟೇಯಲ್ಲಿ ನಿನ್ನೆ ನೀವೇ ಬಾಯಿಬಿಟ್ಟು, "ಮಾವ, ದಿನಕ್ಕೆ ಎಷ್ಟು ಅಂತ ಹೇಳ್ಬುಡಿ, ನಂಗೂ ಕೇಳಕ್ಕೆ ಸಂಕೋಚ" ಎಂದಿರಿ. ನನಗೆ ಎದೆಯ ಭಾರ ಇಳಿದಂತಾಯಿತು. ಟೈಲ್ಸ್ ಹಾಕಲು ಕರೆದ ದಿನದಿಂದ ನಿಮ್ಮತ್ತೆ, "ಅಳಿಯನ ಹತ್ರ ಕೂಲಿ ಕೇಳಿದ್ರೆ ಮಾನ ಹೋಯ್ತದೆ ಕಣ್ರೀ" ಎಂದು ನನ್ನ ಬಾಯಿ ಕಟ್ಟಿದ್ದಳು. ಎದುರಿಗೆ ಹೇಳಲು ನನಗೂ ಸಂಕೋಚ, ಅದಕ್ಕೇ ಈ ಕಾಗದ.

ಬೇರೆ ಮೇಸ್ತ್ರಿಗಳಿಗೆ ಕೊಡುವ ಸಾವಿರದ ಇನ್ನೂರೇ ನನಗೂ ಇರಲಿ. ಹೆಚ್ಚು ಕೊಟ್ಟರೆ ವಾಪಸ್ ಕಳಿಸುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಆನೆ ರಸ್ತೆಗಿಳಿಯುವ ಮುಂಚೆ, ಐದಕ್ಕೆ ಬಿಡಬೇಕು.

ಇನ್ನೊಂದು ಮಾತು. ಕೆಲಸದ ಜಾಗದಲ್ಲಿ ನನ್ನನ್ನು ಕಂಡು ಎದ್ದು ನಿಲ್ಲಬೇಡಿ, ನನಗೊಬ್ಬನಿಗೇ ಕುರ್ಚಿ ತರಿಸಬೇಡಿ. ಮೊನ್ನೆ ಬಚ್ಚಲಿನಲ್ಲಿ ನಾನು ಹಾಕಿದ ಟೈಲ್ಸ್ ಸಾಲು ಸೊಟ್ಟಗಿದ್ದದ್ದನ್ನು ಕಂಡೂ ಸುಮ್ಮನೆ ಹೋದಿರಿ. ಅದನ್ನು ಕಿತ್ತು ಮತ್ತೆ ಹಾಕಿದ್ದೇನೆ. ಇನ್ನು ಮೇಲೆ ಎಲ್ಲರಿಗೂ ಬೈದ ಹಾಗೆ ನನಗೂ ಬೈಯಿರಿ.

ಐದು ಗಂಟೆಯಾದ ಮೇಲೆ ನಾನು ಮಾವ. ಹಬ್ಬ ಕಳೆದರೂ ಮಗಳು ಪುಷ್ಪಾಳನ್ನು ತವರಿಗೆ ಯಾಕೆ ಕಳಿಸಿಲ್ಲ ಎಂದು ಆಗ ನಾನು ಬೈಯುತ್ತೇನೆ.

ಇಂತಿ,
ತೋಟಪ್ಪ, ಟೈಲ್ಸ್ ಮೇಸ್ತ್ರಿ