ಬೆನ್ನು ಮಾಡಿ ಇಳಿದವಳು

ಹಯೂಯಾ, ಪ್ಯೂರ್ಟೊ ರಿಕೊ
ಮಾರ್ಚ್ 14, 2023

ಪ್ರೀತಿಯ ಕೋಮಾದ್ರೆ ಓತಿಲಿಯಾಗೆ,

ನೀನು, ನಿನ್ನ ಮನೆಯವರು, ನಿನ್ನ ಆ ಕುಂಟು ನಾಯಿ ಎಲ್ಲರೂ ದೇವರ ದಯೆಯಿಂದ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ರಾಜರ ಹಬ್ಬದ ಕಾರ್ಡಿಗೂ ಆಮೇಲೆ ಬಂದ ಕಾಗದಕ್ಕೂ ಉತ್ತರ ಬರೆಯಲಿಲ್ಲ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೈಗೆ ಏನೂ ಆಗಿಲ್ಲ, ಕಣ್ಣೂ ಸರಿಯಾಗಿದೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿದ್ದೆ, ಅಷ್ಟೇ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯೆ. ನಿನ್ನ ಫೋನು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತದೆ, ಈಗ ನಿನ್ನ ಅಡುಗೆಮನೆಯಲ್ಲಿ ನನ್ನ ಮಗಳು ಕೂತಿರುತ್ತಾಳೆ.

ಮಿಲಿತ್ಸಾ ಈ ಮನೆ ಬಿಟ್ಟು ನಿನ್ನಲ್ಲಿಗೆ ಬಂದು ಇವತ್ತಿಗೆ ಮೂವತ್ತನಾಲ್ಕು ದಿನ. ಹೊರಡುವಾಗ ಅವಳು ನನ್ನ ಆಶೀರ್ವಾದ ಕೇಳಲಿಲ್ಲ. ನಮ್ಮಲ್ಲಿ ಅದು ಎಂಥ ಮಾತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಂಗಡಿಗೆ ಉಪ್ಪು ತರಲು ಹೋಗುವಾಗಲೂ, ಎಂಥ ಜಗಳದ ಮಧ್ಯೆಯೂ, "ಆಶೀರ್ವಾದ, ಅಮ್ಮಾ" ಎನ್ನದೆ ನನ್ನ ಮಕ್ಕಳು ಹೊಸ್ತಿಲು ದಾಟಿದವರಲ್ಲ. "ದೇವರು ನಿನಗೆ ಒಳ್ಳೇದು ಮಾಡಲಿ" ಎನ್ನದೆ ನಾನೂ ಯಾರನ್ನೂ ಕಳಿಸಿದವಳಲ್ಲ. ಆ ಬುಧವಾರ ಅವಳು ಪೆಟ್ಟಿಗೆ ಎಳೆದುಕೊಂಡು ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಬಾಯಲ್ಲಿ ಆ ಮಾತು ಸಿದ್ಧವಾಗಿತ್ತು. ಅವಳು ಕೇಳಲಿಲ್ಲ. ಕೇಳದವರಿಗೆ ಕೊಡುವುದು ಹೇಗೆ?

ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಅವಳನ್ನು ತೋಳಲ್ಲಿ ಎತ್ತಿಕೊಂಡು ಅವಳಿಗೆ ಧರ್ಮತಾಯಿ, ನನಗೆ ಕೋಮಾದ್ರೆ ಆದವಳು ನೀನು. ನಿನ್ನ ಮಾತನ್ನು ಅವಳು ತಳ್ಳಿಹಾಕುವುದಿಲ್ಲ. ಒಂದು ಸಲ, ಫೋನಿನಲ್ಲಾದರೂ, ಅವಳು ನನ್ನ ಆಶೀರ್ವಾದ ಕೇಳುವಂತೆ ಮಾಡು. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ಅವಳು ನಿನಗೆ ಏನು ಹೇಳಿದ್ದಾಳೋ ನಾನರಿಯೆ. ನನ್ನ ಕಡೆಯದನ್ನೂ ಕೇಳು.

ನನ್ನ ಯಜಮಾನರು ವೆನಾನ್ಸಿಯೊ ತೀರಿಕೊಂಡ ಮೇಲೆ ಓಟದ ಸಮಿತಿಯವರು ಮನೆಗೆ ಬಂದಿದ್ದರು. ಇಪ್ಪತ್ತೆರಡು ವರ್ಷ ನಮ್ಮೂರಿನ ಕಂದೆಲಾರಿಯಾ ಹಬ್ಬದ ಓಟದಲ್ಲಿ ಅವರು ತೊಟ್ಟಿದ್ದು ಇಪ್ಪತ್ತೇಳನೆಯ ನಂಬರು. ಇಪ್ಪತ್ತೊಂದು ಕಿಲೋಮೀಟರು, ಬೆಟ್ಟ ಹತ್ತಿ ಬೆಟ್ಟ ಇಳಿದು. ಒಮ್ಮೆಯೂ ಅವರು ನಡೆದವರಲ್ಲ. ಆ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ, ಮನೆಯವರು ಓಡುವುದಾದರೆ ಮಾತ್ರ ಎಂದು ಸಮಿತಿಯವರು ಹೇಳಿದರು. ನಾನು ಆ ನಂಬರಿನ ಚೀಟಿಗೆ ಗಾಜು ಹಾಕಿಸಿ ಅವರ ಫೋಟೋದ ಪಕ್ಕ ತೂಗುಹಾಕಬೇಕೆಂದಿದ್ದೆ. ಮಿಲಿತ್ಸಾ ಕೇಳಲಿಲ್ಲ. "ಗೋಡೆಗೆ ಅಪ್ಪನ ಫೋಟೋ ಇದೆಯಲ್ಲಮ್ಮಾ. ನಂಬರು ಇರೋದು ಓಡೋಕೆ" ಎಂದಳು.

ನಿನಗೆ ಗೊತ್ತು, ಅವಳು ಅಪ್ಪನ ಮೈಕಟ್ಟಿನವಳಲ್ಲ. ನನ್ನ ತಾಯಿಯ ಕಡೆಯ ಮೈ, ಅಗಲ ಬೆನ್ನು, ದಪ್ಪ ತೊಡೆ. ಚಿಕ್ಕವಳಿದ್ದಾಗ ಎಲ್ಲರ ತಟ್ಟೆಗೂ ತೊಗರಿಕಾಳಿನ ಅನ್ನ ಎರಡು ಸೌಟು ಬಡಿಸಿ ಅವಳಿಗೆ ಒಂದೇ ಸೌಟು ಬಡಿಸುತ್ತಿದ್ದೆ. ಒಳ್ಳೆಯದಕ್ಕೇ ಮಾಡುತ್ತಿದ್ದೆ. ಗಂಡ ಬಿಟ್ಟುಹೋದ ಮೇಲೆ ಅವಳು ಎಲ್ವಿನ್‌ನ ಕ್ರಾಸ್‌ಫಿಟ್ ಜಿಮ್ಮಿಗೆ ಸೇರಿದಳು. ಹಳೇ ಟೈರ್ ಅಂಗಡಿ ಇತ್ತಲ್ಲ, ಅಲ್ಲೇ. ಔಷಧದ ಅಂಗಡಿಯ ಕೆಲಸ ಮುಗಿಸಿ ಸೀದಾ ಅಲ್ಲಿಗೆ ಹೋಗುತ್ತಿದ್ದಳು. ಕಬ್ಬಿಣ ಎತ್ತುವುದು, ಹಗ್ಗ ಹತ್ತುವುದು, ಟ್ರಾಕ್ಟರಿನ ಟೈರು ಮಗುಚುವುದು, ನಡುನಡುವೆ ಬೀದಿಯ ತುದಿಯವರೆಗೆ ನಾನೂರು ಮೀಟರು ಓಡಿಬರುವುದು. ಒಂದು ದಿನ ಅಂಗೈ ತುಂಬ ಬೊಬ್ಬೆ ಮಾಡಿಕೊಂಡು ಬಂದು, ಇನ್ನೂರೈವತ್ತು ಪೌಂಡು ನೆಲದಿಂದ ಎತ್ತಿದೆ ಎಂದು ಹೇಳಿದಳು. ಮುಖ ಬೆಳಗುತ್ತಿತ್ತು. "ಮೂಟೆ ಹೊರೋ ಆಸೆಯಿದ್ರೆ ಬಂದರಿಗೆ ಹೋಗು, ಅಲ್ಲಿ ಕೂಲಿನಾದ್ರೂ ಕೊಡ್ತಾರೆ" ಎಂದೆ. ಅವಳು ನಕ್ಕಳು. ಆಗ ನಗುತ್ತಿದ್ದಳು.

ಓಟಕ್ಕೆ ಅವಳು ತಯಾರಾದದ್ದು ಆ ಜಿಮ್ಮಿನಲ್ಲೇ. ನಾಲ್ಕು ತಿಂಗಳಲ್ಲಿ ರಸ್ತೆಯ ಮೇಲೆ ಉದ್ದಕ್ಕೆ ಓಡಿದ್ದು ಒಂದೇ ಸಲ, ಹತ್ತು ಕಿಲೋಮೀಟರು. ನಿಮ್ಮಪ್ಪ ವಾರಕ್ಕೆ ಅರವತ್ತು ಕಿಲೋಮೀಟರು ಬೆಟ್ಟದಲ್ಲಿ ಓಡುತ್ತಿದ್ದರು, ಕಬ್ಬಿಣ ಎತ್ತಿದವರಿಗೆ ಕಾಲು ಬರುವುದಿಲ್ಲ ಎಂದು ನಾನು ಹೇಳಿದೆ. ಎದೆ ಗಟ್ಟಿಯಿದ್ದರೆ ಕಾಲು ಹಿಂದೆ ಬರುತ್ತದೆಂದು ಎಲ್ವಿನ್ ಹೇಳಿದ್ದಾನೆ ಎಂದಳು. ಹಾಗಾದರೆ ಎಲ್ವಿನ್‌ನನ್ನೇ ಓಡಿಸು ಎಂದೆ.

ಫೆಬ್ರುವರಿ ಐದು, ಭಾನುವಾರ. ಬೆಳಗ್ಗೆ ಅವಳು ನನ್ನ ಆಶೀರ್ವಾದ ಕೇಳಿದಳು, ನಾನು ಕೊಟ್ಟೆ. ನಂಬರಿಗೆ ಪಿನ್ನು ಚುಚ್ಚಿದವಳೂ ನಾನೇ. ಊರ ಚೌಕದಲ್ಲಿ, ಓಟ ಮುಗಿಯುವ ಗೆರೆಯ ಪಕ್ಕ, ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಊರಿನವರಲ್ಲಿ ಮೊದಲು ಬಂದವನಿಗೆ ವೆನಾನ್ಸಿಯೊ ಹೆಸರಿನ ಬಹುಮಾನದ ಬಟ್ಟಲನ್ನು ನಾನು ಕೊಡಬೇಕಿತ್ತು, ಕೊಟ್ಟೆ. ಆಮೇಲೆ ಒಂದೂವರೆ ಗಂಟೆಯವರು ಬಂದರು, ಎರಡು ಗಂಟೆಯವರು ಬಂದರು. ಬೆನ್ನು ಬಾಗಿದ ಮುದುಕರು ಬಂದರು. ಮಗುವಿನ ತಳ್ಳುಗಾಡಿ ನೂಕಿಕೊಂಡು ಒಬ್ಬ ಬಂದ. ನನ್ನ ಮಗಳು ಬರಲಿಲ್ಲ.

ಓಟ ಶುರುವಾಗಿ ಎರಡೂಮುಕ್ಕಾಲು ಗಂಟೆಗೆ ಮೈಕ್ ಹಿಡಿದವನು ಶುರುಮಾಡಿದ. "ಇಪ್ಪತ್ತೇಳು ಎಲ್ಲಿ ಹೋಯ್ತಪ್ಪಾ? ಅವರಪ್ಪ ಆಗಿದ್ರೆ ಇಷ್ಟೊತ್ತಿಗೆ ಸ್ನಾನ ಮಾಡಿ ಊಟಕ್ಕೆ ಕೂತಿರ್ತಿದ್ರು." ಜನ ನಕ್ಕರು. ನನ್ನ ಪಕ್ಕದ ಕುರ್ಚಿಯ ಹೆಂಗಸು ನನ್ನ ಮೊಣಕೈ ಹಿಡಿದು, ಪಾಪ, ಮೈ ಭಾರದ ಹುಡುಗಿ, ಬಂದಷ್ಟೇ ದೊಡ್ಡದು ಎಂದು ಸಮಾಧಾನ ಹೇಳಿದಳು. ಆ ಸಮಾಧಾನ ನನಗೆ ನಗುವಿಗಿಂತ ಹೆಚ್ಚು ಚುಚ್ಚಿತು. ಮೂರು ಗಂಟೆಗೆ ಸಮಯ ಮುಗಿಯಿತೆಂದು ಸಾರಿದರು. ರಸ್ತೆ ಕಾರುಗಳಿಗೆ ಬಿಟ್ಟರು. ಹಿಂದುಳಿದವರನ್ನು ತುಂಬಿಕೊಂಡು ಬರಲು ವ್ಯಾನು ಹೊರಟಿತು. ನನ್ನ ಸುತ್ತಲಿನ ಕುರ್ಚಿಗಳನ್ನು ಮಡಚತೊಡಗಿದರು. ಇನ್ನೂ ಹತ್ತು ನಿಮಿಷ ಕಾದೆ. ಮಂಡಿ ಹಿಡಿದುಕೊಂಡಿತ್ತು. ವ್ಯಾನು ಹತ್ತಿರುತ್ತಾಳೆ ಎಂದುಕೊಂಡು ಎದ್ದು ಮನೆಗೆ ಬಂದೆ. ಅವಳಿಗಾಗಿ ಕೋಳಿ ಹಾಕಿ ಅನ್ನದ ಗಂಜಿ ಮಾಡಿಟ್ಟೆ. ಇದರಲ್ಲಿ ನನ್ನ ತಪ್ಪೇನಿದೆ ಹೇಳು. ಮೂರು ಗಂಟೆ ಬಿಸಿಲಲ್ಲಿ ಕೂತವಳು ನಾನು.

ಮಧ್ಯಾಹ್ನ ಗೋಡೆ ಹಿಡಿದುಕೊಂಡು ಬಂದಳು. ವ್ಯಾನು ಹತ್ತಿರಲಿಲ್ಲ. ಎಡಗಾಲಿನ ಎರಡು ಉಗುರು ಕಪ್ಪಾಗಿದ್ದವು, ಕಾಲುಚೀಲ ಚರ್ಮಕ್ಕೆ ಅಂಟಿತ್ತು. ನನ್ನ ಮಂಡಿ ನೋಯುತ್ತಿತ್ತು, ಅದಕ್ಕೇ ಬಂದುಬಿಟ್ಟೆ ಎಂದು ನಾನೇ ಮೊದಲು ಹೇಳಿದೆ. ಅವಳು ನನ್ನ ಮುಖ ನೋಡಿದಳು.

"ಈಗ ಹೇಗಿದೆ ನಿಮ್ಮ ಮಂಡಿ?" ಎಂದು ಕೇಳಿದಳು.

ನಿಮ್ಮ ಎಂದಳು, ಓತಿಲಿಯಾ. ಮೂವತ್ತೆಂಟು ವರ್ಷ ನನ್ನನ್ನು ನೀನು ಎಂದೇ ಕರೆದವಳು. ಅಂದಿನಿಂದ ಮೂರು ದಿನ, ಹೋಗುವವರೆಗೂ, ನೀವು ಉಣ್ಣಿ, ನೀವು ಮಲಗಿ, ನಿಮ್ಮ ಔಷಧ ಇಲ್ಲಿದೆ. ಒಂದು ಕೆಟ್ಟ ಮಾತಿಲ್ಲ. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮುಗಿಯುತ್ತಿತ್ತು. ಗಂಜಿ ಹಾಗೇ ಉಳಿಯಿತು. ನಂಬರನ್ನು ಮೇಜಿನ ಮೇಲಿಟ್ಟಳು, ನಾಲ್ಕು ಪಿನ್ನುಗಳನ್ನು ಅದರ ಮೇಲೆ ಸಾಲಾಗಿ ಇಟ್ಟಳು.

ಅವಳು ಹೋಗಿ ಒಂದು ವಾರವಾದ ಮೇಲೆ ನಾನು ಎಲ್ವಿನ್‌ನ ಜಿಮ್ಮಿಗೆ ಹೋದೆ. ಜಗಳಕ್ಕೇ ಹೋದೆ. ನನ್ನ ಮಗಳನ್ನು ಊರ ಮುಂದೆ ನಗೆಪಾಟಲು ಮಾಡಿದೆಯಲ್ಲೋ ಎಂದು ಬಾಗಿಲಲ್ಲೇ ಕೇಳಿದೆ. ಅವನು ಕಬ್ಬಿಣ ಕೆಳಗಿಟ್ಟು, ಕೈಯ ಸೀಮೆಸುಣ್ಣದ ಪುಡಿ ಒರೆಸಿಕೊಂಡು, ನನಗೊಂದು ಮರದ ಪೆಟ್ಟಿಗೆ ಹಾಕಿ ಕೂರಿಸಿದ. ನಾನು ಶಾಲೆಯಲ್ಲಿ ಅಡುಗೆಯವಳಾಗಿದ್ದಾಗ ಅವನೂ ನನ್ನ ಕೈಯ ಊಟ ಉಂಡವನೇ, ಹೆದರಿಕೆ ಇನ್ನೂ ಇದೆ.

"ತಪ್ಪು ನಂದೇ, ದೊನ್ಯಾ ಎರ್ಮಿನಿಯಾ" ಎಂದ. "ಎದೆ ಗಟ್ಟಿ ಮಾಡಿದೆ, ಬೆನ್ನು ಗಟ್ಟಿ ಮಾಡಿದೆ. ರಸ್ತೆ ಕಲಿಸೋದನ್ನ ರಸ್ತೆನೇ ಕಲಿಸ್ಬೇಕು, ಅದು ನಂಗೆ ಗೊತ್ತಿರ್ಲಿಲ್ಲ. ಅವಳನ್ನ ಭಾನುವಾರ ಭಾನುವಾರ ಬೆಟ್ಟಕ್ಕೆ ಕಳಿಸ್ಬೇಕಿತ್ತು."

ಆಮೇಲೆ ನಡೆದದ್ದನ್ನು ಅವನೇ ಹೇಳಿದ. ಹದಿಮೂರನೆಯ ಕಿಲೋಮೀಟರಿನವರೆಗೆ ಅವಳು ನಗುತ್ತ, ಕೈ ಬೀಸುತ್ತ ಓಡಿದಳಂತೆ. ಜಿಮ್ಮಿನಲ್ಲಿ ಇಪ್ಪತ್ತು ನಿಮಿಷದ ಕೆಲಸಕ್ಕೆ ಹೇಗೆ ನುಗ್ಗುತ್ತಾರೋ ಹಾಗೆ ನುಗ್ಗಿದ್ದಳು. ಹದಿನಾಲ್ಕರಲ್ಲಿ ಮೀನಖಂಡ ಗಂಟುಕಟ್ಟಿತು. ಹತ್ತುವಾಗ ಹೇಗೋ ಹತ್ತಿದಳು. ಇಳಿಜಾರು ಬಂದಾಗ ತೊಡೆ ಅವಳ ಮಾತು ಕೇಳಲಿಲ್ಲ, ಒಂದೊಂದು ಹೆಜ್ಜೆಗೂ ಕುಸಿಯುತ್ತಿದ್ದಳು. ವ್ಯಾನಿನವನು ಬಾಗಿಲು ತೆರೆದು ಹತ್ತಮ್ಮಾ ಎಂದನಂತೆ. ಅವಳು ಎದೆಯ ಮೇಲಿನ ನಂಬರು ತೋರಿಸಿ, ಇದು ಗಾಡಿ ಹತ್ತೋದಿಲ್ಲ ಎಂದಳಂತೆ. ಹಿಂದಕ್ಕೆ ತಿರುಗಿ ಇಳಿದರೆ ನೋವು ಕಡಿಮೆಯೆಂದು ಅವಳೇ ಕಂಡುಕೊಂಡಳು. ಕೊನೆಯ ಇಳಿಜಾರುಗಳನ್ನೆಲ್ಲ, ಚರ್ಚಿನ ಪಕ್ಕದ ಆ ಕಡಿದಾದ ಬೀದಿಯನ್ನೂ, ಚೌಕಕ್ಕೆ ಬೆನ್ನು ಮಾಡಿ ಒಂದೊಂದೇ ಹೆಜ್ಜೆ ಹಿಂದಿಟ್ಟು ಇಳಿದಳು. ಕೆಲವರು ಏಡಿ ಬಂತು, ಏಡಿ ಬಂತು ಎಂದು ಕೂಗಿದರಂತೆ.

ಗೆರೆಯ ಪಟ್ಟಿಯನ್ನು ಬಿಚ್ಚಿ ಸುತ್ತಿಟ್ಟಾಗಿತ್ತು. ಜಿಮ್ಮಿನ ಹನ್ನೊಂದು ಜನ ಮಾತ್ರ ಚೌಕದ ಕೆಳತುದಿಯಲ್ಲಿ, ಗೆರೆಯಿದ್ದ ಜಾಗದಲ್ಲಿ ನೆಲದ ಮೇಲೆ ಕೂತಿದ್ದರು. ಅವರಲ್ಲೊಂದು ಪದ್ಧತಿಯಿದೆಯಂತೆ. ದಿನದ ಕೆಲಸ ಯಾರು ಮೊದಲು ಮುಗಿಸಿದರೂ, ಕೊನೆಯವರು ಮುಗಿಸುವ ತನಕ ಒಬ್ಬರೂ ತಮ್ಮ ಕಬ್ಬಿಣವನ್ನು ಎತ್ತಿಡುವುದಿಲ್ಲ, ನೀರೂ ಕುಡಿಯುವುದಿಲ್ಲ, ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಗೋಡೆಯ ಹಲಗೆಯ ಮೇಲೆ ಕೊನೆಯವರ ಹೆಸರನ್ನೇ ಮೊದಲು ಬರೆಯುತ್ತಾರೆ. ಎಲ್ವಿನ್ ಆ ಹಲಗೆ ತೋರಿಸಿದ. ಎಲ್ಲಕ್ಕಿಂತ ಮೇಲೆ ಮಿಲಿತ್ಸಾ, ಮೂರು ಗಂಟೆ ಐವತ್ತೆರಡು ನಿಮಿಷ. ಅದನ್ನು ಅಳಿಸಲು ಯಾರಿಗೂ ಬಿಟ್ಟಿಲ್ಲವಂತೆ.

ಜಗಳವಾಡಲು ಹೋದವಳು ಅಲ್ಲಿ ಕೂತೇ ಇದ್ದೆ. ಅವನು ಒಂದು ಲೋಟ ನೀರು ಕೊಟ್ಟ. ನಮ್ಮ ಮನೆಯಲ್ಲಿ ಮೊದಲು ಬಂದವರನ್ನು ಮಾತ್ರ ಎಣಿಸಿದೆವು, ಓತಿಲಿಯಾ. ಶಾಲೆಯ ಊಟದ ಕೋಣೆಯಲ್ಲಿಯೂ ನಾನು ಹಾಗೇ ಇದ್ದೆ, ತಡವಾಗಿ ಬಂದ ಮಗುವಿಗೆ ತಣ್ಣನೆಯ ತಟ್ಟೆ. ಶಿಸ್ತೆಂದರೆ ಅದೇ ಎಂದುಕೊಂಡಿದ್ದೆ. ಈಗಲೂ ಅದು ಪೂರ್ತಿ ತಪ್ಪೆಂದು ಹೇಳಲಾರೆ.

ಅಲ್ಲಿಯೂ ಅವಳು ಒಂದು ಜಿಮ್ಮು ಹುಡುಕಿಕೊಂಡಿದ್ದಾಳೆಂದು ಬರೆದಿದ್ದೀಯೆ. ಹೋಗಲಿ, ತಡೆಯಬೇಡ. ಉಗುರು ಬಿದ್ದ ಜಾಗಕ್ಕೆ ಬಿಸಿ ಉಪ್ಪುನೀರು ಹಾಕಲು ಹೇಳು. ತೊಗರಿಕಾಳಿನ ಅನ್ನ ಮಾಡಿದಾಗ ತಳ ಹಿಡಿದ ಭಾಗ ಅವಳಿಗಿಷ್ಟ, ಅದನ್ನು ಕೆರೆದು ಹಾಕು. ಎರಡು ಸೌಟು ಹಾಕು. ನಾನು ಹೇಳಿದೆನೆಂದು ಹೇಳಬೇಡ.

ಇಲ್ಲಿ ಕಾಫಿ ಕೊಯ್ಲು ಮುಗಿದಿದೆ. ವೆನಾನ್ಸಿಯೊ ಸಮಾಧಿಗೆ ಭಾನುವಾರ ಹೂವಿಟ್ಟು ಬಂದೆ. ಮನೆಯಲ್ಲಿ ಯಾರೂ ಹೊರಗೆ ಹೋಗುವವರಿಲ್ಲ, ಬರುವವರಿಲ್ಲ. ಹಾಗಾಗಿ ಆಶೀರ್ವಾದದ ಮಾತು ದಿನವೆಲ್ಲ ಬಾಯಲ್ಲೇ ಉಳಿಯುತ್ತದೆ. ಅದನ್ನು ಈ ಕಾಗದದಲ್ಲಿ ನಿನಗೆ ಕಳಿಸುತ್ತಿದ್ದೇನೆ. ದೇವರು ನಿನಗೆ, ನಿನ್ನ ಮನೆಗೆ, ನಿನ್ನ ಸೂರಿನ ಕೆಳಗೆ ಮಲಗುವ ಎಲ್ಲರಿಗೂ ಒಳ್ಳೆಯದು ಮಾಡಲಿ. ಕನ್ಯಾಮಾತೆ ಅವರ ಕಾಲನ್ನು ಕಾಯಲಿ.

ನಿನ್ನ ಕೋಮಾದ್ರೆ,
ಎರ್ಮಿನಿಯಾ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಎರಡು ದಿನ ಇಟ್ಟುಕೊಂಡಿದ್ದೆ, ಇವತ್ತು ಮತ್ತೆ ಬಿಚ್ಚಿದೆ. ನಾನು ಅಂದು ಆ ಹತ್ತು ನಿಮಿಷ ಕಾದ ಮೇಲೆ ಸೀದಾ ಮನೆಗೆ ಬರಲಿಲ್ಲ. ಎದ್ದು ಚರ್ಚಿನ ಮೂಲೆಗೆ ಹೋಗಿ, ಐಸ್ ಹೆರೆದು ಮಾರುವವನ ಗಾಡಿಯ ಹಿಂದೆ ನಿಂತೆ. ಅಲ್ಲಿ ನಿಂತರೆ ಯಾರಿಗೂ ಕಾಣುವುದಿಲ್ಲ, ಬೀದಿಯೆಲ್ಲ ಕಾಣುತ್ತದೆ. ನಲವತ್ತು ನಿಮಿಷ ನಿಂತಿದ್ದೆ. ಅವಳು ಇಳಿದುಬರುವುದನ್ನು ಎಲ್ವಿನ್ ಹೇಳುವ ಮೊದಲೇ ನಾನು ಕಣ್ಣಾರೆ ನೋಡಿದ್ದೆ. ಬೆನ್ನು ನನ್ನ ಕಡೆಗಿತ್ತು, ಅಂಗಿ ಒದ್ದೆಯಾಗಿ ಅಂಟಿತ್ತು. ಗಾಡಿಯವನು ಪೊನ್ಸೆ ಪಟ್ಟಣದ ಕಡೆಯವನು, ನಮ್ಮ ಪರಿಚಯವಿಲ್ಲ. ಅವಳು ಗಾಡಿಯ ಹತ್ತಿರ ಬಂದಾಗ, "ಯಾರಮ್ಮಾ ಈ ಹಿಂದುಮುಂದಾಗಿ ಬರ್ತಿರೋಳು? ನಿಮಗೇನಾಗ್ಬೇಕು?" ಎಂದು ನಗುತ್ತ ಕೇಳಿದ.

"ನಂಗೇನೂ ಆಗ್ಬೇಕಿಲ್ಲ" ಎಂದೆ.

ಮೂವತ್ತು ವರ್ಷ ಮುನ್ನೂರು ಮಕ್ಕಳ ಗಲಾಟೆಯ ಮೇಲೆ ಕೂಗಿದ ಗಂಟಲು ಇದು, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅವಳು ನನ್ನಿಂದ ಹತ್ತು ಹೆಜ್ಜೆಯಲ್ಲಿದ್ದಳು. ಅಲ್ಲೇ ಒಂದು ಗಳಿಗೆ ನಿಂತಳು, ತಿರುಗಿ ನೋಡಲಿಲ್ಲ, ಮತ್ತೆ ಹೆಜ್ಜೆ ಹಿಂದಿಟ್ಟಳು. ಕಾಲಿಗೆ ಸೆಳೆತ ಬಂದು ನಿಂತಳೋ, ನನ್ನ ದನಿ ಕೇಳಿ ನಿಂತಳೋ ನನಗೆ ಗೊತ್ತಿಲ್ಲ. ಅದೊಂದನ್ನು ಹೇಗಾದರೂ ತಿಳಿದು ಬರೆ. ಕೇಳಿಸಿಕೊಂಡಿದ್ದರೆ, ಆಶೀರ್ವಾದದ ಮಾತನ್ನು ಅವಳ ಮುಂದೆ ಎತ್ತಬೇಡ.