ಎರಡು ಉಚಿತ ಟಿಕೆಟ್‌ಗಳನ್ನು ಹಿಂದಿರುಗಿಸುತ್ತ

ಮಾನ್ಯ ಅತಿಥಿ ಸೌಲಭ್ಯ ವಿಭಾಗದ ಮುಖ್ಯಸ್ಥರೇ,

ನೀವು ದಯೆಯಿಂದ ಕಳಿಸಿಕೊಟ್ಟ ಎರಡು ಉಚಿತ ಟಿಕೆಟ್‌ಗಳನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ಒಂದೇ ಒಂದು ಆಟಕ್ಕೂ ನನ್ನನ್ನು ಹತ್ತಿಸಿಕೊಳ್ಳದ ನಿಮ್ಮ ಮನರಂಜನಾ ಉದ್ಯಾನಕ್ಕೆ ಇನ್ನೊಮ್ಮೆ ಬನ್ನಿ ಎಂದು ಕರೆದಿದ್ದೀರಿ. ಜೊತೆಗಿದ್ದ ಕಾಗದದಲ್ಲಿ 'ಮುಂದಿನ ಬೇಸಿಗೆಯಲ್ಲಿ ತಮ್ಮನ್ನು ಸ್ವಾಗತಿಸಲು ಕಾತರರಾಗಿದ್ದೇವೆ' ಎಂದು ಬರೆದಿದೆ. ನನಗೆ ಮುಂದಿನ ಬೇಸಿಗೆ ಇಲ್ಲವೆಂದು ನಿಮ್ಮ ಕಚೇರಿಗೆ ಕಳಿಸಿದ ಮೂರನೆಯ ಇಮೇಲ್‌ನಲ್ಲೇ ತಿಳಿಸಿದ್ದೆ. ಗಾಬರಿಯಾಗಬೇಡಿ, ಸಾಯುತ್ತಿಲ್ಲ. ನನ್ನ ಬೆನ್ನುಮೂಳೆ ವರ್ಷದಿಂದ ವರ್ಷಕ್ಕೆ ಬಾಗುತ್ತ ಬಂದು ಈಗ ಶ್ವಾಸಕೋಶವನ್ನು ಒತ್ತುತ್ತಿದೆ. ಈ ಚಳಿಗಾಲದಿಂದ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೂರುವಂತಿಲ್ಲ, ಉಳಿದ ಹೊತ್ತೆಲ್ಲ ಮಲಗಿಯೇ ಇರಬೇಕು ಎಂದು ವೈದ್ಯರು ಹೇಳಿಯಾಗಿದೆ. ನನ್ನೂರು ವಾರಿಕ್‌ನಿಂದ ನಿಮ್ಮ ಗೇಟಿಗೆ ಬರಲಿಕ್ಕೇ ಮೂರು ಗಂಟೆ ಬೇಕು. ಹಾಗಾಗಿ ನಮ್ಮ ಕ್ವೀನ್ಸ್‌ಲ್ಯಾಂಡಿನ ನಡುಬೇಸಿಗೆಯಾದ ಕಳೆದ ಜನವರಿಯಲ್ಲಿ ನಿಮ್ಮಲ್ಲಿಗೆ ಬಂದ ಆ ದಿನವೇ ನನ್ನ ಮೊದಲನೆಯ ಮತ್ತು ಕೊನೆಯ ದಿನವಾಗಿತ್ತು.

ಇದನ್ನು ನಿಮಗೊಬ್ಬರಿಗೇ ಬರೆಯದೆ ಊರಿಗೆಲ್ಲ ಕಾಣುವಂತೆ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮಗೊಬ್ಬರಿಗೇ ಅರವತ್ತೊಂದು ಇಮೇಲ್ ಬರೆದು ನೋಡಿಯಾಗಿದೆ.

ನಾನು ಯಾರೆಂದು ಓದುಗರಿಗೆ ಹೇಳಬೇಕು. ವಯಸ್ಸು ನಲವತ್ಮೂರು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟು ಬಿದ್ದು ಕೈಕಾಲುಗಳು ನನ್ನ ಮಾತು ಕೇಳದೆ ಬೆಳೆದವು. ಬಲಗೈ ಹೆಬ್ಬೆರಳೊಂದು ಕೇಳುತ್ತದೆ. ಆ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರೆ ಗಾಲಿಕುರ್ಚಿಗೆ ಕಟ್ಟಿದ ಯಂತ್ರ ನನ್ನ ಪರವಾಗಿ ಮಾತಾಡುತ್ತದೆ. ಈ ಪತ್ರಕ್ಕೆ ಹತ್ತೊಂಬತ್ತು ದಿನ ಹಿಡಿದಿದೆ. ಆದ್ದರಿಂದ ಇದರಲ್ಲಿ ಎಲ್ಲಾದರೂ ಕೋಪ ಕಂಡರೆ, ಅದು ಆ ಕ್ಷಣದ ಸಿಟ್ಟು ಎಂದು ತಳ್ಳಿಹಾಕಬೇಡಿ.

ನಾನು ಕೇಳಿದ್ದಾದರೂ ಏನು? ಆಕಾಶಕ್ಕೆ ಎಸೆಯುವ ಆಟವಲ್ಲ, ತಲೆಕೆಳಗು ಮಾಡುವ ರೈಲಲ್ಲ. ಮರದ ಕುದುರೆಗಳ ಮೆರ್ರಿ-ಗೋ-ರೌಂಡಿನಲ್ಲಿ ಒಂದು ಸುತ್ತು. ಟೀವಿಯಲ್ಲಿ ನಿಮ್ಮ ಜಾಹೀರಾತು ಬಂದಾಗಲೆಲ್ಲ ಆ ಬಿಳಿ ಕುದುರೆಗಳು ತಿರುಗುವುದನ್ನು ಮೂವತ್ತೈದು ವರ್ಷ ನೋಡಿದ್ದೇನೆ. ಅದರಲ್ಲಿ ಗಾಲಿಕುರ್ಚಿಗೆ ಜಾಗವಿದೆಯೇ ಎಂದು ಕೇಳಿದೆ. 'ಖಂಡಿತ ಇದೆ! ಇಳಿಜಾರು ಹಲಗೆಯೂ ಇದೆ, ಕುರ್ಚಿಯನ್ನು ಬಿಗಿಯುವ ಪಟ್ಟಿಗಳೂ ಇವೆ!' ಎಂದು ಎರಡು ಆಶ್ಚರ್ಯಸೂಚಕ ಚಿಹ್ನೆಗಳ ಸಮೇತ ಉತ್ತರ ಬಂತು. ಆ ಇಮೇಲ್‌ನ ಪ್ರತಿಯನ್ನು ಸಿನಾ ಫ್ರಿಜ್ ಮೇಲೆ ಅಂಟಿಸಿದಳು.

ಸಿನಾ ಹನ್ನೊಂದು ವರ್ಷದಿಂದ ನನ್ನನ್ನು ಎಬ್ಬಿಸಿ, ತೊಳೆದು, ಉಣಿಸಿ, ಮಲಗಿಸುವ ಸಹಾಯಕಿ. ದೂರದ ದ್ವೀಪವೊಂದರ ಅಪಿಯಾ ಪಟ್ಟಣದಲ್ಲಿ ಹುಟ್ಟಿದವಳು. ಚರ್ಚಿನಲ್ಲಿ ಅವಳು ಹಾಡಿದರೆ ಪಕ್ಕದ ಬೀದಿಯ ನಾಯಿಗಳೂ ಎದ್ದು ಕೂರುತ್ತವೆ. ಹದಿನಾಲ್ಕು ತಿಂಗಳು ನಾವಿಬ್ಬರೂ ಈ ಒಂದು ದಿನದ ತಯಾರಿ ಮಾಡಿದೆವು. ಉಳಿದವರು ರಜೆಗೆ ಹೊರಟರೆ ಹೋಟೆಲಿಗೆ ಈಜುಕೊಳ ಇದೆಯಾ ಎಂದು ಕೇಳುತ್ತಾರೆ. ನಾವು ಮಂಚಕ್ಕೆ ಕಾಲು ಇದೆಯಾ ಎಂದು ಕೇಳುತ್ತೇವೆ. ನನ್ನನ್ನು ಹಾಸಿಗೆಯಿಂದ ಎತ್ತುವುದು ಒಂದು ಯಂತ್ರ. ಅದರ ಕಾಲುಗಳು ಮಂಚದ ಕೆಳಗೆ ತೂರಬೇಕು. ಪೆಟ್ಟಿಗೆಯಂಥ ಮಂಚವಾದರೆ ಬಾಗಿಲು ಎಷ್ಟು ಅಗಲವಿದ್ದೂ ಪ್ರಯೋಜನವಿಲ್ಲ.

"ಮಂಚದ ಕೆಳಗೆ ಎಷ್ಟು ಜಾಗ ಇದೆ ಸ್ವಲ್ಪ ನೋಡಿ ಹೇಳ್ತೀರಾ?" ಸಿನಾ ಫೋನಿನಲ್ಲಿ ಕೇಳಿದಳು.

"ಮಂಚದ ಕೆಳಗಾ? ಯಾಕೆ ಮೇಡಂ, ಏನಾದ್ರೂ ಬಚ್ಚಿಡೋದಿದೆಯಾ?"

"ಹೂಂ, ಹೆಣ. ಸುಮ್ನೆ ಅಳತೆ ನೋಡಿ ಹೇಳಪ್ಪ."

ಆರು ಹೋಟೆಲುಗಳು ಹೀಗೇ ಕಳೆದವು. ಏಳನೆಯದರಲ್ಲಿ ಕೀರನ್ ಎಂಬ ಪುಣ್ಯಾತ್ಮನಿಗೆ ಅಳತೆಪಟ್ಟಿ ಸಿಗಲಿಲ್ಲ. ತನ್ನ ಬೂಟನ್ನೇ ಕಳಚಿ ಮಂಚದ ಕೆಳಗೆ ನೂಕಿ ಫೋಟೋ ಕಳಿಸಿದ. ಬೂಟು ಸಲೀಸಾಗಿ ಒಳಗೆ ಹೋಗಿತ್ತು. ಒಬ್ಬ ಅಪರಿಚಿತನ ಹಳೇ ಬೂಟಿನ ಚಿತ್ರ ನೋಡಿ ನಾವಿಬ್ಬರೂ ಕುಣಿದಾಡಿದೆವು. ಅಂದರೆ ಸಿನಾ ಕುಣಿದಳು, ನಾನು ಯಂತ್ರದಲ್ಲಿ 'ಹುರ್ರೇ' ಒತ್ತಿದೆ.

ನಮ್ಮಂಥವರಲ್ಲಿ ಒಂದು ಪದ್ಧತಿ ಇದೆ, ನಿಮಗೆ ಗೊತ್ತಿರಲಾರದು. ಹೊರಗೆ ಹೋಗುವುದಿದ್ದರೆ ಹಿಂದಿನ ಮಧ್ಯಾಹ್ನದಿಂದಲೇ ನೀರು ಬಿಡುತ್ತೇವೆ. ಇದಕ್ಕೆ ನಾವು ಒಣ ದಿನ ಎನ್ನುತ್ತೇವೆ. ಕುಡಿಯದಿದ್ದರೆ ಶೌಚಾಲಯ ಬೇಡ, ಶೌಚಾಲಯ ಬೇಡವಾದರೆ ಯಾರಿಗೂ ತೊಂದರೆಯಿಲ್ಲ. ತಲೆನೋವು ಬರುತ್ತದೆ, ತುಟಿ ಒಡೆಯುತ್ತದೆ, ಒಮ್ಮೊಮ್ಮೆ ಮೂತ್ರಕೋಶ ಕೆಟ್ಟು ಆಸ್ಪತ್ರೆ ಸೇರಬೇಕಾಗುತ್ತದೆ. ಆದರೂ ಮದುವೆ, ಸಾವು, ನ್ಯಾಯಾಲಯ, ಮತದಾನ, ಎಲ್ಲಕ್ಕೂ ನಾನು ಒಣಗಿಯೇ ಹೋಗಿದ್ದೇನೆ. ನಿಮ್ಮಲ್ಲಿಗೂ ಹಾಗೆಯೇ ಬರುವವಳಿದ್ದೆ. ಆದರೆ ನಿಮ್ಮ ನಲವತ್ತನೆಯ ಇಮೇಲ್‌ನಲ್ಲಿ ದೊಡ್ಡವರು ಮಲಗುವಷ್ಟು ಉದ್ದದ ಹಲಗೆ, ಮೇಲೆ ಎತ್ತುಯಂತ್ರ ಇರುವ ಪ್ರತ್ಯೇಕ ಶೌಚದ ಕೋಣೆ ಉದ್ಯಾನದಲ್ಲಿದೆ ಎಂದಿತ್ತು. ನಂಬಿದೆ. ಗೇಟಿನಲ್ಲಿ, ಮೂವತ್ತಾರು ಡಿಗ್ರಿ ಬಿಸಿಲಿನಲ್ಲಿ, 'ಎಲ್ಲರ ನಗುವಿಗೂ ಇಲ್ಲಿ ಜಾಗವಿದೆ' ಎಂಬ ನಿಮ್ಮ ಫಲಕದ ಕೆಳಗೆ ಕೂತು ಎರಡು ಲೋಟ ನಿಂಬೆ ಪಾನಕ ಕುಡಿದೆ.

"ಇನ್ನೊಂದು ತರ್ಲಾ?" ಎಂದಳು ಸಿನಾ. "ಇವತ್ತು ನೀನು ಮಹಾರಾಣಿ ಕಣೇ. ಕುಡಿ."

ಒಳಗೆ ಹೋದ ತಕ್ಷಣ ನನ್ನ ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿದರು. ಇದಿದ್ದರೆ ಯಾವ ಆಟಕ್ಕೂ ಸಾಲಿನಲ್ಲಿ ಕಾಯಬೇಕಿಲ್ಲವಂತೆ. ಎಷ್ಟು ಉದಾರ ಏರ್ಪಾಡು! ಉದ್ಯಾನದಲ್ಲಿ ಮೂವತ್ತೆರಡು ಆಟಗಳು. ಮೂವತ್ತೊಂದಕ್ಕೆ ನಾನು ಅನರ್ಹಳೆಂದು ನಿಮ್ಮದೇ ಪುಸ್ತಿಕೆಯಲ್ಲಿದೆ. ಉಳಿದವರು ಮುಕ್ಕಾಲು ಗಂಟೆ ಕಾದು ಆಡುವ ಆಟದಿಂದ ನನ್ನನ್ನು ಒಂದು ನಿಮಿಷವೂ ಕಾಯಿಸದೆ ಹೊರಗಿಡುವುದಕ್ಕೆ ಬಣ್ಣದ ಪಟ್ಟಿ ಬೇಕಿತ್ತೇ?

ಹನ್ನೊಂದೂವರೆಗೆ ಆ ಪ್ರತ್ಯೇಕ ಕೋಣೆಗೆ ಹೋದೆವು. ಇಲ್ಲಿ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಎತ್ತುಯಂತ್ರಕ್ಕೆ ನಮ್ಮದೇ ಜೋಲಿ ತರಬೇಕು. ಬಟ್ಟೆಯ ಆ ಜೋಲಿಗಳಲ್ಲಿ ಎರಡು ಜಾತಿ: ಕೆಲವಕ್ಕೆ ಬಟ್ಟೆಯ ಕುಣಿಕೆ, ಕೆಲವಕ್ಕೆ ಪ್ಲಾಸ್ಟಿಕ್ ಕ್ಲಿಪ್. ಕುಣಿಕೆಯ ಜೋಲಿ ಕ್ಲಿಪ್ಪಿನ ಯಂತ್ರಕ್ಕೆ ಕೂರುವುದಿಲ್ಲ. ನಮ್ಮ ಬಳಗದಲ್ಲಿ ಎಲ್ಲಿಗಾದರೂ ಹೊರಟವರನ್ನು ಹೇಗಿದ್ದೀಯ ಎಂದು ಕೇಳುವ ಮೊದಲು "ಕುಣಿಕೆಯೋ ಕ್ಲಿಪ್ಪೋ" ಎಂದು ಕೇಳುತ್ತೇವೆ. ಇದನ್ನು ಕೇಳದೆ ಹೋಗಿ ವಾಪಸಾದ ಗೆಳತಿಯೊಬ್ಬಳನ್ನು ನಾನೇ ವರ್ಷಗಟ್ಟಲೆ ಗೇಲಿ ಮಾಡಿದ್ದೇನೆ. ನಿಮ್ಮ ಕಚೇರಿಗೆ ಬಾಗಿಲ ಅಗಲ ಕೇಳಿದೆ, ಯಂತ್ರ ಎಷ್ಟು ಭಾರ ತಡೆಯುತ್ತದೆಂದು ಕೇಳಿದೆ, ಹಲಗೆಯ ಎತ್ತರ ಕೇಳಿದೆ, ಕಸದ ಬುಟ್ಟಿಗೆ ಮುಚ್ಚಳ ಇದೆಯೇ ಎಂದೂ ಕೇಳಿದೆ. ಅದೊಂದನ್ನು ಮರೆತೆ. ಕೋಣೆಯ ಯಂತ್ರ ಕ್ಲಿಪ್ಪಿನದು, ನನ್ನ ಜೋಲಿ ಕುಣಿಕೆಯದು.

ಸಿನಾ ಯಂತ್ರದ ಕ್ಲಿಪ್ಪಿನ ಕೊಕ್ಕೆಗೆ ಕುಣಿಕೆ ಸಿಕ್ಕಿಸಲು ನೋಡಿದಳು, ಹಿಡಿಯಲಿಲ್ಲ. ಆಮೇಲೆ ಅಂಗಿಯ ತೋಳು ಮಡಚಿದಳು. "ಬಾ, ಕೈಯಲ್ಲೇ ಎತ್ತಿಬಿಡ್ತೀನಿ. ಯಾರು ನೋಡ್ತಾರೆ?"

ನಾನು ಬೇಡ ಎಂದು ಕಣ್ಣು ಮುಚ್ಚಿದೆ. ಕೈಯಲ್ಲಿ ಎತ್ತುವುದು ಸಹಾಯಕಿಯರಿಗೆ ನಿಷೇಧ, ಗೊತ್ತಾದರೆ ಅವಳ ಕೆಲಸ ಹೋಗುತ್ತದೆ. ಎರಡು ವರ್ಷದ ಹಿಂದೆ ಇನ್ನೊಬ್ಬರನ್ನು ಎತ್ತಲು ಹೋಗಿ ಅವಳ ಸೊಂಟ ಹಿಡಿದು ನಾಲ್ಕು ತಿಂಗಳು ಮಲಗಿದ್ದಳು. ಆ ನಾಲ್ಕು ತಿಂಗಳು ನನ್ನ ಮನೆಗೆ ಇಪ್ಪತ್ತಾರು ಅಪರಿಚಿತರು ಬಂದು ನನ್ನನ್ನು ಬೆತ್ತಲೆ ಮಾಡಿ ತೊಳೆದು ಹೋದರು. ಅದಕ್ಕಿಂತ ಇದೇ ವಾಸಿ ಎನಿಸಿತು. ಎರಡು ಲೋಟ ಪಾನಕ ತನ್ನ ದಾರಿ ತಾನು ನೋಡಿಕೊಂಡಿತು. ನಲವತ್ಮೂರು ವರ್ಷದ ಹೆಂಗಸು, ಮುತ್ತಿನ ಓಲೆ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ನಿಮ್ಮ ಹೊಳೆಯುವ ಕೋಣೆಯಲ್ಲಿ, ನಿಮ್ಮ ಹೊಳೆಯುವ ಯಂತ್ರದ ಕೆಳಗೆ ಕೂತಲ್ಲೇ ಒದ್ದೆಯಾದೆ. ನಾಚಿಕೆಯಾಯಿತು. ಇಷ್ಟು ವರ್ಷವಾದರೂ ಆಗುತ್ತದೆ.

"ವಾಪಸ್ ಹೋಗೋಣ್ವಾ?" ಸಿನಾ ಮೆಲ್ಲಗೆ ಕೇಳಿದಳು.

'ಕುದುರೆ' ಎಂದು ಒತ್ತಿದೆ.

ಮೆರ್ರಿ-ಗೋ-ರೌಂಡಿನ ಹತ್ತಿರ ಲೈಲ್ ಎಂಬ ಹೆಸರಿನ ಬಿಲ್ಲೆ ಹಾಕಿಕೊಂಡ, ಬಿಳಿ ಮೀಸೆಯ ಸಿಬ್ಬಂದಿ ಇದ್ದರು. ಇಳಿಜಾರು ಹಲಗೆ ಇತ್ತು. ಬಿಗಿಯುವ ಪಟ್ಟಿಗಳು ಇದ್ದವು. ನಿಮ್ಮ ಇಮೇಲ್‌ನಲ್ಲಿ ಒಂದೂ ಸುಳ್ಳಿರಲಿಲ್ಲ, ಅದನ್ನು ಮೆಚ್ಚಲೇಬೇಕು. ಅವರು ನನ್ನ ಹಳದಿ ಪಟ್ಟಿ ನೋಡಿ, ಒಂದು ಲ್ಯಾಮಿನೇಟ್ ಮಾಡಿದ ಹಾಳೆ ತೆಗೆದು, ಸಿನಾಳತ್ತ ತಿರುಗಿದರು.

"ಏನಾದ್ರೂ ಅವಘಡ ಆದ್ರೆ ಇವ್ರು ತಾವಾಗೇ ಎದ್ದು ಇಳಿದು ಬರ್ತಾರಾ ಮೇಡಂ?"

"ಇವ್ಳಿಗೆ ಎದ್ದು ಬರೋಕಾಗಿದ್ರೆ ಈ ಕುರ್ಚಿ ಯಾಕೆ ಸ್ವಾಮಿ? ಅವಳನ್ನೇ ಕೇಳಿ, ಕಿವಿ ಚೆನ್ನಾಗೇ ಕೇಳಿಸುತ್ತೆ."

"ಹಾಗಿದ್ರೆ ಹತ್ತಿಸೋ ಹಾಗಿಲ್ಲ. ಒಂದೂವರೆ ವರ್ಷದಿಂದ ಹೊಸ ನಿಯಮ."

"ಅಲ್ಲಪ್ಪಾ, ಇದು ನನ್ನಜ್ಜಿ ನಡೆಯೋದಕ್ಕಿಂತ ನಿಧಾನ ಹೋಗುತ್ತೆ! ಏನು ಅವಘಡ ಆಗುತ್ತೆ ಇದ್ರಲ್ಲಿ? ಕುದುರೆ ಹೆದರಿ ಓಡಿಹೋಗುತ್ತಾ?"

"ನೀವು ಹೇಳೋದು ಸರಿನೇ ಮೇಡಂ. ನನ್ನ ಕೈಲೇನಿದೆ ಹೇಳಿ. ಬೇಕಿದ್ರೆ ಇಲ್ಲಿ ನಿಲ್ಸಿ, ಕುದುರೆ ಜೊತೆ ಒಂದು ಫೋಟೋ ತೆಗೀತೀನಿ."

ಅಷ್ಟು ಹೊತ್ತೂ ನನ್ನ ಹೆಬ್ಬೆರಳು ಕೆಲಸ ಮಾಡುತ್ತಲೇ ಇತ್ತು. 'ನನ್ನ ಬಳಿ ಇಮೇಲ್ ಇದೆ. ನೀವು ಒಪ್ಪಿದ್ದೀರಿ. ದಯವಿಟ್ಟು ಒಂದೇ ಸುತ್ತು' ಎಂದು ಬರೆಯಲು ನನಗೆ ನಾಲ್ಕು ನಿಮಿಷ ಬೇಕು. ಯಂತ್ರ ಅದನ್ನು ಹೇಳುವಷ್ಟರಲ್ಲಿ ಸಿನಾ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿದ್ದಳು, ಮುಂದಿನ ಕುಟುಂಬ ಬಂದು ನಿಂತಿತ್ತು. ಐಸ್‌ಕ್ರೀಂ ಹಿಡಿದ ಒಬ್ಬ ಪುಟ್ಟ ಹುಡುಗಿಗೆ ನನ್ನ ಯಂತ್ರ 'ದಯವಿಟ್ಟು ಒಂದೇ ಸುತ್ತು' ಎಂದು ಕೈಮುಗಿದು ಬೇಡಿಕೊಂಡಂತಾಯಿತು. ಅವಳು ಅಮ್ಮನ ಹಿಂದೆ ಸರಿದು ನಿಂತಳು. ಕುದುರೆಗಳು ಹೊರಟವು. ಮೂರು ಸುತ್ತು ನೋಡಿ ನಾವು ಹೊರಟೆವು. ಕೀರನ್‌ನ ಮಂಚದ ಮೇಲೆ ಮಲಗುವ ಮನಸ್ಸೂ ಉಳಿದಿರಲಿಲ್ಲ. ಮೂರು ಗಂಟೆ, ಒದ್ದೆ ಬಟ್ಟೆಯಲ್ಲಿ, ನೇರ ಮನೆಗೆ. ದಾರಿಯುದ್ದಕ್ಕೂ ಸಿನಾ ಹಾಡಲಿಲ್ಲ.

ನಿಯಮ ಸುರಕ್ಷತೆಗಾಗಿ ಎನ್ನುತ್ತೀರಿ. ಇರಲಿ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಾನು ಎದ್ದು ನಡೆಯಲಾರೆ ಎಂದು ಮೊದಲ ಇಮೇಲ್‌ನ ಮೊದಲ ಸಾಲಿನಲ್ಲೇ ಬರೆದಿದ್ದೆ. ಆಗ ನಿಮ್ಮ ಹೊಸ ನಿಯಮಕ್ಕೆ ನಾಲ್ಕು ತಿಂಗಳು ತುಂಬಿತ್ತು. ಇಳಿಜಾರು ಹಲಗೆ ಇದೆ, ಪಟ್ಟಿ ಇದೆ, ಕೋಣೆ ಇದೆ ಎಂದು ಅರವತ್ತೊಂದು ಸಲ ಬರೆದವರಿಗೆ 'ಹತ್ತಿಸುವುದಿಲ್ಲ' ಎಂಬ ಒಂದು ಮಾತು ಬರೆಯಲು ಯಾರು ಅಡ್ಡ ಬಂದಿದ್ದರು? ನಿಮ್ಮ ಇಲಾಖೆಯಲ್ಲಿ ಎಲ್ಲರೂ ಅಷ್ಟು ಒಳ್ಳೆಯವರೇ, 'ಇಲ್ಲ' ಎನ್ನಲು ಬಾಯಿ ಬರದಷ್ಟು?

ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮ ತರಗತಿಯವರೆಲ್ಲ ನಿಮ್ಮ ಉದ್ಯಾನಕ್ಕೆ ಪ್ರವಾಸ ಬಂದರು. ಹಿಂದಿನ ದಿನ ಹೆಡ್‌ಮಾಸ್ಟರ್ ಟಲಕ್ ನನ್ನ ಹತ್ತಿರ ಬಂದರು. ಬಹಳ ಗಡಸು ಮನುಷ್ಯ. ನನ್ನ ಕಣ್ಣಿನ ಮಟ್ಟಕ್ಕೆ ಬರುವಂತೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತರು. "ನೆರಿಡಾ, ನಿನ್ನ ಕರ್ಕೊಂಡ್ ಹೋಗೋಕಾಗಲ್ಲಮ್ಮ. ಬಸ್ಸಿಗೆ ನಿನ್ನ ಕುರ್ಚಿ ಹತ್ತಲ್ಲ. ಬೇರೆ ದಾರಿ ಹುಡುಕ್ದೆ, ಸಿಗ್ಲಿಲ್ಲ," ಎಂದರು. ನಾನು ಅತ್ತೆ. ಅವರು ಎದ್ದು ಹೋಗಲಿಲ್ಲ, ಅಳು ನಿಲ್ಲುವವರೆಗೂ ಆ ಪುಟ್ಟ ಕುರ್ಚಿಯಲ್ಲೇ ಕೂತಿದ್ದರು. ಮರುದಿನ ಅಮ್ಮ ನನ್ನನ್ನು ಹಿತ್ತಲಿನ ಹಿಪ್ಪುನೇರಳೆ ಮರದ ಕೆಳಗೆ ಕೂರಿಸಿ ಒಂದು ಜಗ್ಗು ಪಾನಕ ಮಾಡಿಕೊಟ್ಟಳು. ಹೊಟ್ಟೆ ತುಂಬ ಕುಡಿದೆ. ಬೇಕೆಂದಾಗಲೆಲ್ಲ ಅಮ್ಮ ಎತ್ತಿಕೊಂಡು ಶೌಚಕ್ಕೆ ಕರೆದೊಯ್ದಳು, ಸಂಜೆಯವರೆಗೆ ನನ್ನ ಫ್ರಾಕು ಒಣಗಿಯೇ ಇತ್ತು. ಆ 'ಇಲ್ಲ'ವನ್ನು ನಾನು ಮೂವತ್ತೆರಡು ವರ್ಷ ದ್ವೇಷಿಸಿದೆ. ಈಗ ಆ ಮುದುಕರಲ್ಲಿ ಕ್ಷಮೆ ಕೇಳಬೇಕೆನಿಸುತ್ತದೆ, ಅವರು ಬದುಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಿಯಮ ತೆಗೆಯಿರಿ ಎಂದು ಕೇಳುತ್ತಿಲ್ಲ, ನೀವು ತೆಗೆಯುವುದಿಲ್ಲ ಎಂದು ಗೊತ್ತಿದೆ. ಆ ಕೊಕ್ಕೆ ಬದಲಿಸಿ ಎಂದೂ ಕೇಳುತ್ತಿಲ್ಲ. ನನಗಾಗಿ ಏನೂ ಬೇಡ; ನಾನು ಇನ್ನು ಬರಲಾರೆ. ಗೇಟಿನ ಮೇಲಿನ ಫಲಕವನ್ನು ಇಳಿಸಿ. ನಿಮ್ಮ ಜಾಲತಾಣದ ಮೊದಲ ಪುಟದಲ್ಲಿ, ನಗುವ ಮಕ್ಕಳ ಚಿತ್ರಕ್ಕಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ ಬರೆಸಿ: 'ಎದ್ದು ನಡೆಯಲಾರದವರನ್ನು ನಾವು ಯಾವ ಆಟಕ್ಕೂ ಹತ್ತಿಸುವುದಿಲ್ಲ.' ಅದನ್ನು ಓದಿದ ಯಾರೋ ಒಬ್ಬರು ಅತ್ತು ಮುಗಿಸಿ, ಮನೆಯಲ್ಲೇ ಉಳಿದು, ಆ ದಿನ ಬಾಯಾರಿಕೆಯಾದಾಗ ನೀರು ಕುಡಿಯಲಿ.

ಇಂತಿ,
ನಿಮ್ಮ ಎಲ್ಲ ಸಾಲುಗಳನ್ನೂ ದಾಟಿ ಎಲ್ಲಿಗೂ ತಲುಪದ
ನೆರಿಡಾ ಕ್ವಿಲ್
ವಾರಿಕ್, ಕ್ವೀನ್ಸ್‌ಲ್ಯಾಂಡ್
(ಹಳದಿ ಪಟ್ಟಿಯನ್ನೂ ಲಗತ್ತಿಸಿದ್ದೇನೆ. ಬಳಸಿಲ್ಲ.)