ನಿಮ್ಮ ಪರದೆಯ ಮೇಲೆ ಮೂವತ್ತೇಳು ಕಿಲೋಮೀಟರು ತಪ್ಪಿದೆ

ಬಂದರಿನ ಹವಾಮಾನ ಎಚ್ಚರಿಕೆ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿರುವ ದೊಡ್ಡ ಪರದೆಯಲ್ಲಿ ಚಂಡಮಾರುತ ತಪ್ಪು ಜಾಗದಲ್ಲಿದೆ. ದ್ವೀಪಕ್ಕೆ ನೀವು ಹಸಿರು ಬಣ್ಣ ಕೊಟ್ಟಿದ್ದೀರಿ, ಅದು ಕೆಂಪಾಗಬೇಕು. ಇವತ್ತು ಮಧ್ಯಾಹ್ನ ಎರಡು ಗಂಟೆಯೊಳಗೆ ಇಲ್ಲಿಂದ ದೋಣಿಗಳು ಹೊರಡದಿದ್ದರೆ ಅಲ್ಲಿರುವ ಮುನ್ನೂರ ಹತ್ತು ಜನರನ್ನು ನಾಳೆ ಕರೆತರಲು ಯಾರಿಂದಲೂ ಆಗುವುದಿಲ್ಲ. ಈ ತಪ್ಪಿನ ಬಗ್ಗೆ ಮೂರು ಸಲ ಲಕೋಟೆಯಲ್ಲಿ ಹಾಕಿ ನಿಮಗೆ ಬರೆದಿದ್ದೇನೆ. ಲಕೋಟೆ ಒಡೆಯುವ ಶ್ರಮ ನಿಮಗೇಕೆಂದು ಈ ಸಲ ಬಿಚ್ಚಿಯೇ ಬರೆದು ನಿಮ್ಮ ಬಾಗಿಲಿಗೆ, ಟಿಕೆಟ್ ಕಿಟಕಿಗೆ, ಮಂಜುಗಡ್ಡೆ ಕಾರ್ಖಾನೆಯ ಗೋಡೆಗೆ ಅಂಟಿಸುತ್ತಿದ್ದೇನೆ. ಈಗ ಬೆಳಿಗ್ಗೆ ಏಳೂವರೆ. ಹತ್ತು ಗಂಟೆಗೆ ನೀವು ಬರುವಷ್ಟರಲ್ಲಿ ಅಂಟು ಒಣಗಿರುತ್ತದೆ.

ನಾನು ಯಾರೆಂದು ನಿಮಗೆ ಗೊತ್ತು. ನಿಮ್ಮ ಹಿತ್ತಲ ಗೋಡೆಗೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟಾರ್ಪಾಲು, ಲೈಫ್ ಜಾಕೆಟ್ಟು ಹೊಲಿಯುವವಳು. ನಿಮ್ಮ ಕಾರಿನ ಮೇಲಿನ ಹೊದಿಕೆಯೂ ನನ್ನದೇ ಹೊಲಿಗೆ. ನನ್ನ ತಮ್ಮ ದ್ವೀಪಕ್ಕೆ ಸಾಮಾನು ಸಾಗಿಸುವ ದೋಣಿ ನಡೆಸುತ್ತಿದ್ದ. ಜೆರಾಕ್ಸ್ ಅಂಗಡಿಯವನು ಬಿಸಾಡಲಿದ್ದ ಒಂದು ಹಳೆಯ ಲ್ಯಾಪ್‌ಟಾಪನ್ನು ಅವನು ಹೊತ್ತು ತಂದು ನನ್ನ ಕತ್ತರಿಸುವ ಮೇಜಿನ ಮೂಲೆಯಲ್ಲಿಟ್ಟ. ನೀವು ಬಳಸುವ ಪ್ರೋಗ್ರಾಮನ್ನೇ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ್ದರಿಂದ, ಅದಕ್ಕೆ ಹಾಕಿಸಿದ. ಪರದೆಯಲ್ಲಿ ಇಡೀ ಭೂಮಿ ಗಿರ್ರನೆ ತಿರುಗುತ್ತದೆ. ಬೇಕಾದ ಕಡೆ ನಿಲ್ಲಿಸಿ ಹತ್ತಿರ ಹೋದರೆ ಕೊಲ್ಲಿ, ನಡುಗಡ್ಡೆ, ಬಂದರು ಎಲ್ಲವೂ ಬಿಚ್ಚಿಕೊಳ್ಳುತ್ತವೆ. ರೇಡಿಯೋದಲ್ಲಿ ಹೇಳುವ ಅಂಕಿಗಳನ್ನು ಒಂದು ಚೌಕದಲ್ಲಿ ತುಂಬಿದರೆ ಚಂಡಮಾರುತ ಕೆಂಪು ಸುಳಿಯಾಗಿ ಮೂಡಿ, ಎಲ್ಲಿಂದ ಎಷ್ಟು ದೂರ ಎಂದು ಹೇಳುತ್ತದೆ. ತಮ್ಮ ಮೊದಲ ದಿನ ಅದನ್ನು ತಿರುಗಿಸಿ ತಿರುಗಿಸಿ ಸಾಕಾಗಿ, "ಎಷ್ಟು ದೊಡ್ಡದಕ್ಕಾ ಪ್ರಪಂಚ! ಹದಿನೆಂಟು ವರ್ಷ ನಾನು ಹೋಗಿ ಬಂದಿರೋ ದಾರಿ ಕಣ್ಣಿಗೇ ಕಾಣಲ್ವಲ್ಲ," ಅಂದ. ಇಬ್ಬರೂ ನಕ್ಕೆವು. ಆಮೇಲೆ ಹೊರಡುವ ಮುನ್ನ ಪ್ರತಿ ಸಲ ಶೆಡ್ಡಿಗೆ ತಲೆ ಹಾಕಿ, "ನಿನ್ನ ಡಬ್ಬ ಏನನ್ನುತ್ತೆ?" ಎಂದು ಕೇಳುವುದು ರೂಢಿಯಾಯಿತು.

ಏಳು ತಿಂಗಳ ಹಿಂದೆಯೂ ಹಾಗೆಯೇ ಕೇಳಿದ. ರೇಡಿಯೋ ಇಷ್ಟು ಡಿಗ್ರಿ ಐವತ್ತೇಳು ನಿಮಿಷ ಎಂದಿತ್ತು. ನಾನು ಚುಕ್ಕಿ ಇಟ್ಟು ಐವತ್ತೇಳು ಎಂದು ತುಂಬಿದೆ. ದ್ವೀಪದಿಂದ ನೂರ ಹದಿನೆಂಟು ಕಿಲೋಮೀಟರು ಎಂದು ತೋರಿಸಿತು. ನೂರರ ಒಳಗಿದ್ದರೆ ಕೆಂಪು, ಹೊರಗಿದ್ದರೆ ಹಸಿರು ಎನ್ನುವುದು ನಿಮ್ಮದೇ ನಿಯಮ. ನಿಮ್ಮ ಪರದೆಯೂ ಹಸಿರೇ ಇತ್ತು. "ದೂರ ಇದೆ ಕಣೋ, ಹೋಗಿ ಬಾ," ಅಂದೆ. ಹೋದ. ದ್ವೀಪ ಕಣ್ಣಳತೆಯಲ್ಲಿರುವಾಗಲೇ ಗಾಳಿ ಅವನನ್ನು ಹಿಡಿಯಿತು. ಮೂರು ದಿನದ ಮೇಲೆ ದೋಣಿ ಮಗುಚಿಕೊಂಡು ಸಿಕ್ಕಿತು, ನಾನು ಹೊಲಿದ ಕಿತ್ತಳೆ ಬಣ್ಣದ ಜಾಕೆಟ್ಟೂ ಸಿಕ್ಕಿತು. ಅದನ್ನು ಅವನು ಎಂದೂ ತೊಟ್ಟವನಲ್ಲ, ಕುರ್ಚಿಯ ಮೇಲೆ ಮೆತ್ತೆ ಮಾಡಿಕೊಂಡು ಕೂರುತ್ತಿದ್ದ. ಅವನು ಮಾತ್ರ ಸಿಗಲಿಲ್ಲ. ನಿಮ್ಮ ಕಚೇರಿ ಎರಡು ಪುಟದ ವರದಿ ಬರೆದು "ಚಾಲಕನ ನಿರ್ಲಕ್ಷ್ಯ" ಎಂದು ಮುಗಿಸಿತು. ಹೋಗು ಎಂದವಳು ನಾನು. ಹಸಿರು ಎಂದವರು ನೀವು. ನಿರ್ಲಕ್ಷ್ಯ ಮಾತ್ರ ಅವನದಾಯಿತು. ಎಷ್ಟು ಅಚ್ಚುಕಟ್ಟಾದ ಹಂಚಿಕೆ!

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ನಾನು ಆಮೇಲೆ ಆ ಚಂಡಮಾರುತ ನಡೆದ ದಾರಿಯನ್ನು ಮತ್ತೆ ಮತ್ತೆ ಓಡಿಸಿ ನೋಡಿದೆ. ಪ್ರೋಗ್ರಾಮಿನಲ್ಲಿ ಅದಕ್ಕೊಂದು ಗುಂಡಿಯಿದೆ. ಒತ್ತಿದರೆ ಸುಳಿ ಹುಟ್ಟಿದಲ್ಲಿಂದ ಮತ್ತೆ ನಡೆಯುತ್ತದೆ. ಎಷ್ಟು ದಿನ ನೋಡಿದೆನೋ ನನಗೇ ಲೆಕ್ಕವಿಲ್ಲ, ತಮ್ಮನನ್ನು ಹಿಡಿಯುವ ಮೊದಲು ಅದು ನಿಂತೀತೇನೋ ಎಂಬಂತೆ ನೋಡುತ್ತಿದ್ದೆ. ಹೊಲಿಯುವವಳ ಕಣ್ಣು ನೋಡಿ, ಒಂದು ದಿನ ಹೊಲಿಗೆ ತಪ್ಪಿದ್ದು ಕಂಡಿತು. ಸುಳಿ ಸಮನಾಗಿ ಹೆಜ್ಜೆ ಇಡುತ್ತಾ ಬಂದು ಒಂದು ಕಡೆ ಇದ್ದಕ್ಕಿದ್ದಂತೆ ಹಾರುತ್ತಿತ್ತು. ಟೇಪು ತೆಗೆದು ಪರದೆಯ ಮೇಲೇ ಇಟ್ಟು ಅಳೆದೆ. ಹೆಜ್ಜೆ ಕಾಲಿಂಚು, ಕಾಲಿಂಚು, ಕಾಲಿಂಚು. ಆಮೇಲೆ ಒಂದೇ ಏಟಿಗೆ ಒಂದೂಕಾಲು ಇಂಚಿಗೂ ಹೆಚ್ಚು. ಮತ್ತೆ ಕಾಲಿಂಚು. ಹಾರುತ್ತಿದ್ದದ್ದು ಪ್ರತಿ ಸಲವೂ ಒಂದು ಡಿಗ್ರಿ ಮುಗಿದು ಇನ್ನೊಂದು ಶುರುವಾಗುವಲ್ಲಿ. ಚಂಡಮಾರುತಕ್ಕೆ ಡಿಗ್ರಿಯ ಗೆರೆ ದಾಟುವಾಗ ಜಿಗಿಯಬೇಕೆಂದು ಯಾರು ಹೇಳಿಕೊಟ್ಟರು? ನೀವು ಬಾಗಿಲ ಬಳಿ ತೂಗುಹಾಕುವ ಹಳೆಯ ಅಂಕಿಪಟ್ಟಿಗಳನ್ನೆಲ್ಲ ತಂದು ಕೂತೆ. ನಾಲ್ಕು ಚಂಡಮಾರುತ, ನೂರ ಹನ್ನೆರಡು ಅಂಕಿ. ಒಂದರಲ್ಲಾದರೂ ಚುಕ್ಕಿಯ ನಂತರ ಐವತ್ತೊಂಬತ್ತಕ್ಕಿಂತ ಹೆಚ್ಚು ಇರಲಿಲ್ಲ.

ಆಗ ಹೊಳೆಯಿತು. ರೇಡಿಯೋ ಹೇಳುವುದು ನಿಮಿಷದಲ್ಲಿ, ಒಂದು ಡಿಗ್ರಿಗೆ ಅರವತ್ತು ನಿಮಿಷ. ಪ್ರೋಗ್ರಾಮು ಕೇಳುವುದು ಒಂದು ಡಿಗ್ರಿಯ ನೂರು ಭಾಗದಲ್ಲಿ ಎಷ್ಟು ಎಂದು. ಅಲ್ಲಿಯ ಐವತ್ತನ್ನು ಇಲ್ಲಿ ಐವತ್ತೆಂದೇ ತುಂಬಿದರೆ ಅದಕ್ಕೆ ಅದು ಅರ್ಧ. ನಿಜವಾಗಿ ಇರುವುದು ಮುಕ್ಕಾಲಿಗೂ ಮಿಗಿಲು. ಮೂವತ್ತಾರು ಇಂಚಿನ ಸೊಂಟ ಅಳೆದು ಮೂವತ್ತಾರು ಸೆಂಟಿಮೀಟರಿಗೆ ಬಟ್ಟೆ ಕತ್ತರಿಸಿದರೆ ಗಿರಾಕಿ ನನ್ನ ಮುಖಕ್ಕೆ ಪ್ಯಾಂಟು ಎಸೆಯುತ್ತಾನೆ. ನಿಮ್ಮ ಗಿರಾಕಿಗಳು ಎಸೆಯಲು ವಾಪಸು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಕಾಗದದ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ ನಿಮ್ಮ ಹಳೆಯ ದೀಪಸ್ತಂಭದ ಮುದುಕಪ್ಪ ಇಂಥ ತಪ್ಪು ಮಾಡುತ್ತಿರಲಿಲ್ಲ, ಅವನ ನಕ್ಷೆಯಲ್ಲಿ ಅರವತ್ತು ಗೆರೆಗಳೇ ಇದ್ದವು. ಅವನನ್ನು ನಿವೃತ್ತಿಗೊಳಿಸಿ ಯಂತ್ರ ತಂದಿರಿ, ಯಂತ್ರ ಏನು ಕೇಳುತ್ತಿದೆ ಎಂದು ಓದಲಿಲ್ಲ. ಇಡೀ ಭೂಗೋಳ ಗೋಡೆಯ ಮೇಲಿದೆ, ಒಂದು ಭಾಗಾಕಾರಕ್ಕೆ ಗತಿಯಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಸರಿಯಾಗಿ ತುಂಬಿದಾಗ ತಮ್ಮನ ಚಂಡಮಾರುತ ಎಪ್ಪತ್ತಾರು ಕಿಲೋಮೀಟರಿನಲ್ಲಿತ್ತು. ಕೆಂಪು. ಅವತ್ತು ನಾನು ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ನಾನೂ ನಿಮ್ಮಂತೆಯೇ ತುಂಬಿದ್ದೆ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗೊತ್ತಾದ ದಿನವೇ ತಿದ್ದಿಕೊಂಡೆ, ನಿಮಗೂ ಬರೆದೆ.

ಮೊದಲ ಪತ್ರಕ್ಕೆ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಎರಡನೆಯದಕ್ಕೆ "ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ". ಮೂರನೆಯದಕ್ಕೆ ಅಷ್ಟೂ ಇಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ಅವನು ತಲೆಯನ್ನಾದರೂ ಆಡಿಸಿಯಾನು. ಕೊನೆಗೆ ನಿನ್ನೆ ಮಧ್ಯಾಹ್ನ, ಹೊಸ ಚಂಡಮಾರುತಕ್ಕೂ ನೀವು ಹಾಗೆಯೇ ತುಂಬಿದ್ದನ್ನು ನೋಡಿ, ಟೇಪು ಕೊರಳಲ್ಲಿರುವಂತೆಯೇ ನಿಮ್ಮ ಕಚೇರಿಗೆ ಓಡಿಬಂದೆ. ಅಂಕಿ ತುಂಬುವ ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಕ್ಕಾ, ಅದು ಚುಕ್ಕಿ ಕೇಳುತ್ತೆ, ನಾನು ಚುಕ್ಕಿ ಇಡ್ತೀನಿ. ಮೇಲಿಂದ ಆರ್ಡರ್ ಬಂದ್ರೆ ಗೆರೆ ಬೇಕಾದ್ರೂ ಎಳೀತೀನಿ," ಅಂದರು. ಮೇಲೆ ಎಂದರೆ ನೀವು. ನೀವು ಕನ್ನಡಕದ ಮೇಲಿಂದ ನೋಡಿ, "ಯಂತ್ರ ತಪ್ಪು ಮಾಡಲ್ಲಮ್ಮಾ. ನೀವು ಹೊಲಿಗೆ ನೋಡ್ಕೊಳಿ," ಅಂದಿರಿ. ಒಪ್ಪಿದೆ ಸ್ವಾಮಿ, ಯಂತ್ರ ತಪ್ಪು ಮಾಡುವುದಿಲ್ಲ. ಕೊಟ್ಟ ಅಂಕಿಯನ್ನು ಅದು ಪ್ರಾಮಾಣಿಕವಾಗಿ ನಂಬುತ್ತದೆ, ನನ್ನ ತಮ್ಮ ನಂಬಿದ ಹಾಗೆ. ನಾನಿನ್ನೂ ನಾಳೆಯ ಅಂಕಿಯ ಮಾತನ್ನೇ ಆಡುತ್ತಿದ್ದೆ, ನೀವೇ ಎದ್ದುನಿಂತು, "ಹೋದ ಸಲದ್ದೆಲ್ಲ ವಿಚಾರಣೆ ಮುಗಿದಿದೆ, ಈಗ ಅದನ್ನ ಕೆದಕೋಕೆ ಬಂದ್ರಾ?" ಎಂದು ಕೂಗಿದಿರಿ. ಹೋದ ಸಲದ ಮಾತನ್ನು ನಾನೆಲ್ಲಿ ಎತ್ತಿದ್ದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಆಗ ನನಗೆ ಅರ್ಥವಾಯಿತು. ನಿಮಗೆ ಭಾಗಾಕಾರ ತಿಳಿಯದೆ ಅಲ್ಲ. ಈಗಿನ ಅಂಕಿ ತಿದ್ದಿದರೆ ಆಗಿನ ಅಂಕಿಯೂ ತಪ್ಪಾಗುತ್ತದೆ, ಆ ಎರಡು ಪುಟದ ವರದಿ ಸುಳ್ಳಾಗುತ್ತದೆ. ಅದಕ್ಕೇ ಈ ಪತ್ರ.

ದ್ವೀಪದ ಆರೋಗ್ಯ ಕೇಂದ್ರದಲ್ಲಿ ನನ್ನ ತಮ್ಮನ ಹೆಂಡತಿ ನರ್ಸು. ಈಗ ಒಂಬತ್ತು ರೋಗಿಗಳಿದ್ದಾರೆ, ಅವರಲ್ಲಿ ಇಬ್ಬರು ಬಾಣಂತಿಯರು. ಅವಳು ಹೊರಡಿ ಎಂದರೆ ದ್ವೀಪ ಹೊರಡುತ್ತದೆ, ಅವಳು ಕೂತರೆ ಎಲ್ಲರೂ ಕೂರುತ್ತಾರೆ. ತಮ್ಮ ಹೋದ ಮೇಲೆ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಮೊದಲು ಬಾಯಿ ತುಂಬ ಅಕ್ಕಾ ಎನ್ನುತ್ತಿದ್ದವಳು ಈಗ ಏನೂ ಅನ್ನುವುದಿಲ್ಲ. ನಿನ್ನೆ ನಿಮ್ಮಲ್ಲಿಂದ ಹೊರಬಿದ್ದವಳೇ ಮಾನ ಬಿಟ್ಟು ಫೋನು ಮಾಡಿದೆ.

"ಚಂಡಮಾರುತ ನೀವಂದ್ಕೊಂಡಿರೋದಕ್ಕಿಂತ ಹತ್ರ ಇದೆ ಕಣೇ. ಎಲ್ಲರನ್ನೂ ಕರ್ಕೊಂಡು ಬಂದ್ಬಿಡು."

"ಯಾರು ಹೇಳಿದ್ದು?"

"ನಾನೇ ಲೆಕ್ಕ ಹಾಕಿ ನೋಡಿದೆ."

"ನಿಮ್ಮ ಲೆಕ್ಕ ನಂಬಿ ಒಬ್ರು ಹೋದ್ರಲ್ಲ, ಸಾಕು. ಇಲ್ಲಿ ಜೆಟ್ಟಿ ಪರದೇಲಿ ಹಸಿರಿದೆ. ಆಫೀಸಿನೋರು ಕೆಂಪು ಅನ್ಲಿ, ಆ ಕ್ಷಣ ಹೊರಡ್ತೀವಿ. ನೀವು ಹೇಳಿದ್ರೆ ಹೆಜ್ಜೆ ಕೂಡ ಇಡಲ್ಲ."

ನಿಮಿಷದ ಮಾತು ಶುರು ಮಾಡುವಷ್ಟರಲ್ಲಿ ಫೋನು ಇಟ್ಟಳು. ಆಮೇಲೆ ಹನ್ನೊಂದು ಸಲ ಮಾಡಿದೆ, ಎತ್ತಲಿಲ್ಲ. ಇಲ್ಲಿಯ ದೋಣಿಯವರ ಕಾಲು ಹಿಡಿದೆ. ಹದಿನಾಲ್ಕು ದೋಣಿಗಳು ಸುಮ್ಮನೆ ಕಟ್ಟಿಕೊಂಡು ನಿಂತಿವೆ. "ಆಫೀಸಿನ ಚೀಟಿ ಇಲ್ದೆ ಜನರನ್ನ ಹತ್ತಿಸಿದ್ರೆ ಲೈಸೆನ್ಸು ಕಿತ್ಕೋತಾರೆ ಅಕ್ಕಾ, ಅಲ್ಲಿಗೆ ಹೋದ್ರೂ ಅವರು ಹತ್ತಬೇಕಲ್ಲ?" ಅಂದರು. ಅವರು ಹೇಳುವುದೂ ಸರಿಯೇ. ಲೋಕದಲ್ಲಿ ಯಾರಿಗೂ ನನ್ನ ಮಾತು ಬೇಡ, ಎಲ್ಲರಿಗೂ ನಿಮ್ಮ ಮಾತು ಬೇಕು. ನಿಮಗೆ ಅದು ಗೊತ್ತೇ? ಆ ಪರದೆಗೆ ಅಷ್ಟು ಶಕ್ತಿಯಿದೆ ಎಂದು ತಿಳಿದೂ ಅದರ ಕೆಳಗೆ ನೀವು ಹೇಗೆ ಕೂರುತ್ತೀರಿ?

ನಾಳೆ ಮಧ್ಯಾಹ್ನದ ಜಾಗಕ್ಕೆ ರೇಡಿಯೋ ಕೊಟ್ಟಿರುವುದು ಹದಿನಾರು ಡಿಗ್ರಿ ಐವತ್ತು ನಿಮಿಷ. ನಿಮ್ಮ ಪರದೆಯಲ್ಲಿ ಅದು ಹದಿನಾರೂವರೆ. ಹಾಗಾಗಿ ದ್ವೀಪ ನೂರ ಇಪ್ಪತ್ತೊಂದು ಕಿಲೋಮೀಟರು ಆಚೆ, ಹಸಿರು. ಐವತ್ತನ್ನು ಅರವತ್ತರಿಂದ ಭಾಗಿಸಿ ನೋಡಿ, ಚುಕ್ಕಿಯ ನಂತರ ಎಂಬತ್ತಮೂರು ಬರುತ್ತದೆ. ಅದನ್ನು ತುಂಬಿ. ಎಂಬತ್ನಾಲ್ಕು ಕಿಲೋಮೀಟರು. ಕೆಂಪು.

ಈಗ ನನ್ನ ಬೇಡಿಕೆ. ಸಿಟ್ಟಿನಲ್ಲಿ ಇಷ್ಟು ದೂರ ಬರೆದೆ, ಇನ್ನು ಮುಂದೆ ಬೇಡಿಕೊಳ್ಳುವುದು ಮಾತ್ರ. ಆ ವರದಿಯನ್ನು ನಾನು ಮುಟ್ಟುವುದಿಲ್ಲ. ಚಾಲಕನ ನಿರ್ಲಕ್ಷ್ಯ ಎಂದೇ ಇರಲಿ. ಬೇಕಿದ್ದರೆ ಒಪ್ಪಿಗೆಯಿದೆ ಎಂದು ಬರೆದು ಕೊಡುತ್ತೇನೆ. ತಮ್ಮ ಬೈಯುವುದಿಲ್ಲ, ಅವನ ಹೆಂಡತಿಗಾಗಿ ಎಂದರೆ ಅವನು ಇದಕ್ಕಿಂತ ದೊಡ್ಡ ಅಪವಾದವನ್ನೂ ನಗುತ್ತಾ ಹೊರುತ್ತಿದ್ದ. ಅಂಕಿಯ ತಪ್ಪನ್ನು ನೀವೇ ಕಂಡುಹಿಡಿದಿರಿ ಅನ್ನಿ. ರೇಡಿಯೋ ಹೊಸ ಅಂಕಿ ಕೊಟ್ಟಿತು ಅನ್ನಿ, ಚಂಡಮಾರುತ ದಿಕ್ಕು ಬದಲಿಸಿತು ಅನ್ನಿ, ನಿಮಗೆ ಹೇಗೆ ಅನುಕೂಲವೋ ಹಾಗೆ ಹೇಳಿ. ಎರಡು ಗಂಟೆಯೊಳಗೆ ಹೇಳಿ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು. ಗೋಡೆಯ ಮೇಲೆ ಇದನ್ನು ಓದುವವರೂ ಆ ದಡಕ್ಕೆ ಹೇಳಬೇಡಿ. ಇದು ಯಾರ ಲೆಕ್ಕ ಎಂದು ಆ ದಡಕ್ಕೆ ಗೊತ್ತಾದರೆ ಅವಳು ದೋಣಿ ಹತ್ತುವುದಿಲ್ಲ.

ನೀವು ಕೆಂಪು ಎಂದ ಕೂಡಲೇ ಈ ಕಾಗದಗಳನ್ನೆಲ್ಲ ನಾನೇ ಬಂದು ಕಿತ್ತುಹಾಕುತ್ತೇನೆ, ಗೋಡೆಯನ್ನೂ ಉಜ್ಜಿ ತೊಳೆಯುತ್ತೇನೆ. ದೋಣಿಗಳು ಬಂದು ಜನ ಇಳಿಯುವಾಗ ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗಿರುತ್ತೇನೆ. ಅವಳು ಇಳಿದಳೋ ಇಲ್ಲವೋ ಎಂದು ತಗಡಿನ ತೂತಿನಿಂದ ನೋಡಿದರೆ ನನಗೆ ಸಾಕು. ಅವಳು ನಿಮ್ಮ ಬಳಿ ಬಂದು ಕೈಮುಗಿಯಬಹುದು. ಕೈ ಮುಗಿಸಿಕೊಳ್ಳಿ.

ಇಂತಿ,
ಒಂದು ಸಲ "ಹೋಗಿ ಬಾ" ಎಂದದ್ದಕ್ಕೆ "ಬಾ" ಎನ್ನುವ ಹಕ್ಕು ಕಳೆದುಕೊಂಡ,
ನಿಮ್ಮ ಹಿತ್ತಲ ಗೋಡೆಯಾಚೆಯ ಹೊಲಿಗೆಯವಳು